ಗೋವಾದಲ್ಲಿ ವಿಲ್ಲಾ ಬುಕ್ ಮಾಡುವ ಮುಂಚೆ ಇದನ್ನು ಓದಿ: ನಮ್ಮ ಅಕ್ಕನ ಮನೆಯವರಿಗೆ ಆಗಿದ್ದು

ಕ್ರಿಸ್‌ಮಸ್ ರಜೆ ಹತ್ತಿರ ಬಂತು ಅಂದರೆ ಊರಿನಿಂದ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ ಇರುತ್ತದೆ. ಗೋವಾದಲ್ಲಿ ಎಲ್ಲಿ ಉಳಿಯೋದು? ನಾನು ಮಡಗಾಂವ್‌ನಲ್ಲಿ ಕೆಲಸಕ್ಕಿದ್ದೇನೆ. ಕೇಳಿದವರಿಗೆಲ್ಲ ಫೋನಿನಲ್ಲೇ ಹೇಳುತ್ತಿದ್ದೆ. ಈ ಸಲ ನಮ್ಮ ಅಕ್ಕನ ಮನೆಯವರಿಗೇ ಹೀಗಾದ ಮೇಲೆ, ಬರೆದು ಎಲ್ಲರಿಗೂ ಮುಟ್ಟಿಸಲೇಬೇಕು ಅನಿಸಿತು. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನಿಂದ ಕಾರು ತೆಗೆದುಕೊಂಡು ಹೊರಡುವವರು ಯಾರಿಗಾದರೂ ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನು ಓದಿ.

ನಮ್ಮದು ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಅಕ್ಕ, ಭಾವ, ಇಬ್ಬರು ಮಕ್ಕಳು, ಮೊಣಕಾಲು ನೋವಿನ ಅತ್ತೆ, ಇಷ್ಟು ಜನ ಬಂದರೆ ನನಗೆ ಕಷ್ಟ ಆಗುತ್ತದೆ ಅಂತ ಅವರೇ ಬೇರೆ ಕಡೆ ನೋಡಿದರು. ಇನ್‌ಸ್ಟಾಗ್ರಾಂನಲ್ಲಿ ಒಂದು ಜಾಹೀರಾತು ಸಿಕ್ಕಿತು. ಉತ್ತರ ಗೋವಾದ ಅಸಗಾಂವ್‌ನಲ್ಲಿ ಮೂರು ಬೆಡ್‌ರೂಮಿನ ವಿಲ್ಲಾ, ಸ್ವಂತ ಈಜುಕೊಳ, ರಾತ್ರಿಗೆ 6,000 ರೂಪಾಯಿ. ಡಿಸೆಂಬರ್ ಕೊನೆಯ ವಾರದಲ್ಲಿ ಅಂಥ ಮನೆಗೆ ಅದರ ಮೂರು ಪಟ್ಟು ಕೊಟ್ಟರೂ ಸಿಗುವುದು ಕಷ್ಟ. ಅದು ಇಲ್ಲಿದ್ದವರಿಗೆ ಗೊತ್ತು, ದಾವಣಗೆರೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ವಾಟ್ಸಾಪ್‌ನಲ್ಲಿ ಮಾತಾಡಿದವನು ತುಂಬಾ ಮರ್ಯಾದೆಯಿಂದ ಮಾತಾಡಿದ. ಫೋಟೋ ಕಳಿಸಿದ, ವಿಡಿಯೋ ಕಳಿಸಿದ, ಜಿಎಸ್‌ಟಿ ನಂಬರ್ ಇರುವ ಬಿಲ್ ಕೂಡ ಕಳಿಸಿದ. "ಇನ್ನೊಂದು ಪಾರ್ಟಿ ಕೇಳುತ್ತಿದೆ, ಸಂಜೆಯೊಳಗೆ ಹೇಳಿ" ಅಂದ. ಭಾವ 12,000 ರೂಪಾಯಿ ಅಡ್ವಾನ್ಸ್ ಕಳಿಸಿದರು. ಹೊರಡುವ ದಿನ ಬೆಳಿಗ್ಗೆ ಮತ್ತೆ ಫೋನ್. "ಸೆಕ್ಯೂರಿಟಿ ಡೆಪಾಸಿಟ್ 10,000 ಕಳಿಸಿ, ಖಾಲಿ ಮಾಡುವಾಗ ವಾಪಸ್ ಕೊಡುತ್ತೇವೆ." ಕಳಿಸಿದರು. ಸಂಜೆ ಪೋಂಡಾ ದಾಟುವಾಗ ಇನ್ನೊಂದು ಫೋನ್. "ನಿಮ್ಮ ಹಣ ಸಿಸ್ಟಮ್‌ನಲ್ಲಿ ಸಿಕ್ಕಿಕೊಂಡಿದೆ, ಇನ್ನೊಮ್ಮೆ ಕಳಿಸಿದರೆ ಮೊದಲಿನದು ತಾನಾಗೇ ವಾಪಸ್ ಬರುತ್ತದೆ." ಹಿಂದಿನ ಸೀಟಿನಲ್ಲಿ ಮಕ್ಕಳು ಅಳುತ್ತಿದ್ದರು, ಕತ್ತಲಾಗಿತ್ತು, ಅಲ್ಲಿ ಹೋದಮೇಲೆ ಬೀಗ ತೆಗೆಯದಿದ್ದರೆ ಏನು ಗತಿ ಅಂತ ಇನ್ನೂ 10,000 ಕಳಿಸಿದರು. ಈ ಮೂರನೇ ಫೋನ್ ಇದೆಯಲ್ಲ, ಅದನ್ನು ಅವರು ಬೇಕಂತಲೇ ನೀವು ದಾರಿಯಲ್ಲಿರುವಾಗ ಮಾಡುತ್ತಾರೆ. ಹಿಂದಕ್ಕೆ ತಿರುಗುವ ಹಾಗಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಅವನು ಕಳಿಸಿದ ಲೊಕೇಶನ್ ಅಸಗಾಂವ್‌ನ ಒಂದು ಗದ್ದೆ ಬದಿಗೆ ತಂದು ನಿಲ್ಲಿಸಿತು. ಫೋನ್ ಸ್ವಿಚ್ ಆಫ್. ಪಕ್ಕದ ಮನೆಯ ವಾಚ್‌ಮನ್ ಕೊಪ್ಪಳ ಕಡೆಯವರು. ಕಾರಿನ ಕೆಎ 17 ನಂಬರ್ ನೋಡಿ ಬಂದು ಕನ್ನಡದಲ್ಲೇ ಹೇಳಿದರಂತೆ, "ಆ ಹೆಸರಿಂದು ಇಲ್ಲಿ ಮನೀನ ಇಲ್ರಿ ಅಕ್ಕಾರ. ಮೊನ್ನೆ ಪುಣೆಯವರು ಬಂದು ಹಿಂಗ ನಿಂತಿದ್ರು." ಆಗ ಅಕ್ಕ ನನಗೆ ಫೋನ್ ಮಾಡಿದಳು.

ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಉಳಿದದ್ದು ನೋಡೋಣ ಅಂದೆ. ಇದು ಆನ್‌ಲೈನ್ ಹಣದ ಮೋಸಕ್ಕೆ ಇರುವ ದೇಶದ ಸಹಾಯವಾಣಿ. ಯಾವ ರಾಜ್ಯದಲ್ಲಿದ್ದರೂ ಮಾಡಬಹುದು. ಯುಪಿಐ ರಸೀದಿಯಲ್ಲಿ ಆ ಪಾವತಿಯ ಗುರುತಾಗಿ ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಇರುತ್ತದೆ, ಅದನ್ನು ಕೈಯಲ್ಲಿ ಇಟ್ಟುಕೊಂಡು ಮಾತಾಡಿ. ಹಣ ಹೋದ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುವುದರೊಳಗೆ ಬ್ಯಾಂಕಿನವರು ತಡೆಯಬೇಕು. ಅದಕ್ಕೇ ಅಷ್ಟು ಅವಸರ. ಸಂಜೆ ಕಳಿಸಿದ 10,000 ಮಾತ್ರ ತಡೆಹಿಡಿಯಲು ಆಯಿತು. ಅಡ್ವಾನ್ಸ್ ಮತ್ತು ಬೆಳಗಿನ ಡೆಪಾಸಿಟ್ ಅಷ್ಟರಲ್ಲಿ ಖಾಲಿಯಾಗಿದ್ದವು. ಮನೆಗೆ ಹೋಗಿ ನೋಡೋಣ, ನಾಳೆ ಬೆಳಿಗ್ಗೆ ಕಂಪ್ಲೇಂಟ್ ಕೊಡೋಣ ಅಂದಿದ್ದರೆ ಅದೂ ಹೋಗುತ್ತಿತ್ತು.

ನಾನು ಮಡಗಾಂವ್‌ನಿಂದ ಅಲ್ಲಿಗೆ ಹೋಗಬೇಕಾದರೆ ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ಎರಡನೇ ಪೆಟ್ಟು ಬಿತ್ತು. ಅತ್ತೆಗೆ ಕೂರಲು ಆಗುತ್ತಿರಲಿಲ್ಲ. ರೂಮ್ ಹುಡುಕಲು ಕಲಂಗೂಟ್ ಕಡೆ ಹೊರಟರು. ಟ್ರಾಫಿಕ್‌ನಲ್ಲಿ ನಿಂತಾಗ ಸ್ಕೂಟರ್ ಮೇಲಿದ್ದ ಹುಡುಗನೊಬ್ಬ ಗಾಜು ತಟ್ಟಿದ. "ಸಾರ್, ಕನ್ನಡದವರಲ್ವಾ? ನಾನೂ ನಮ್ಮವನೇ. ಫ್ಯಾಮಿಲಿ ರೂಮ್ ಇದೆ ಬನ್ನಿ." ಅಷ್ಟು ಹೊತ್ತು ಕಂಗಾಲಾಗಿದ್ದವರಿಗೆ ಕನ್ನಡ ಕೇಳಿ ಜೀವ ಬಂದ ಹಾಗಾಯಿತು. ಅವನ ಹಿಂದೆ ಹೋದರು. ಬಾಗಾದ ಕ್ಲಬ್‌ಗಳ ಹಿಂದಿನ ಗಲ್ಲಿಯಲ್ಲಿ ಒಂದು ಲಾಡ್ಜ್. 9,000 ರೂಪಾಯಿ ನಗದು, ಮೊದಲೇ ಕೊಡಬೇಕು. ಬಿಲ್ ಇಲ್ಲ. ಗುರುತಿನ ಚೀಟಿಯನ್ನೂ ಕೇಳಲಿಲ್ಲ. ರೂಮಿನಲ್ಲಿ ಒಂದೇ ಮಂಚ, ಬಾತ್‌ರೂಮಿನ ಚಿಲಕ ಮುರಿದಿತ್ತು, ಗೋಡೆ ಅದುರುವಷ್ಟು ಸಂಗೀತ.

ಗೋವಾದಲ್ಲಿ ಕನ್ನಡಿಗರು ತುಂಬಾ ಜನ ಇದ್ದಾರೆ. ವಾಸ್ಕೋ, ಝುವಾರಿನಗರ, ಮಡಗಾಂವ್, ಮಾಪ್ಸಾ ಎಲ್ಲ ಕಡೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರು ಬೆವರು ಸುರಿಸಿ ದುಡಿಯುತ್ತಿದ್ದಾರೆ. ಆ ವಾಚ್‌ಮನ್ ಅಂಥವರಲ್ಲಿ ಒಬ್ಬರು. ತಾವೇ ಕುರ್ಚಿ ತಂದು ಅತ್ತೆಯನ್ನು ಕೂರಿಸಿದ್ದರು, ನೀರು ಕೊಟ್ಟಿದ್ದರು. ಆದರೆ ರಸ್ತೆಯಲ್ಲಿ ನಿಮ್ಮ ನಂಬರ್ ಪ್ಲೇಟ್ ನೋಡಿ ತಾನಾಗಿ ಬಂದು ಕನ್ನಡ ಮಾತಾಡುವವನು ಬೇರೆ. ಅವನು ಮಹಾರಾಷ್ಟ್ರದ ಪ್ಲೇಟ್ ಕಂಡರೆ ಮರಾಠಿ, ತೆಲಂಗಾಣದ ಪ್ಲೇಟ್ ಕಂಡರೆ ತೆಲುಗು ಮಾತಾಡುತ್ತಾನೆ. ಅವನಿಗೆ ಲಾಡ್ಜಿನಿಂದ ಕಮಿಷನ್ ಇರುತ್ತದೆ.

ಊಟ ತರಲು ಭಾವ ಕೆಳಗೆ ಇಳಿದರೆ ಅಲ್ಲೂ ಇಬ್ಬರು ಬೆನ್ನು ಹತ್ತಿದರು. "ಕ್ಲಬ್ ಇದೆ ಸಾರ್, 2,000 ಕೊಟ್ರೆ ಡ್ರಿಂಕ್ಸ್ ಎಲ್ಲಾ ಸೇರಿ." ಭಾವ ತಲೆ ಎತ್ತದೆ ನಡೆದರು, ಒಳ್ಳೆಯದಾಯಿತು. ಇದರ ಬಗ್ಗೆ ಸ್ನೇಹಿತರ ಗುಂಪಿನಲ್ಲಿ ಬರುವ ಹುಡುಗರಿಗೆ ಬಿಡಿಸಿ ಹೇಳಬೇಕು. ಹೊರಗೆ ಹೇಳುವ ರೇಟು ಒಂದು, ಒಳಗೆ ಹೋದಮೇಲೆ ಬರುವ ಬಿಲ್ಲು ಹತ್ತಾರು ಸಾವಿರದ್ದು. ಬಾಗಿಲಲ್ಲಿ ದಾಂಡಿಗರು ನಿಂತಿರುತ್ತಾರೆ. ಕಾರ್ಡ್ ಉಜ್ಜಿಸುತ್ತಾರೆ, ಫೋನ್ ಕಿತ್ತುಕೊಂಡು ಯುಪಿಐ ಮಾಡಿಸುತ್ತಾರೆ, ಹೊಡೆದಿದ್ದೂ ಇದೆ. ಕರ್ನಾಟಕದ ಹುಡುಗರು ಇದಕ್ಕೆ ಜಾಸ್ತಿ ಸಿಕ್ಕಿಬೀಳುವುದನ್ನು ನಾನು ಇಲ್ಲಿ ನೋಡುತ್ತಲೇ ಇದ್ದೇನೆ. ಮನೆಯಲ್ಲಿ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ಆ ನಾಚಿಕೆಯೇ ಅವರ ಬಂಡವಾಳ. ತಮ್ಮಂದಿರೇ, ನೀವು ಕ್ಲಬ್‌ಗೆ ಹೋಗಿದ್ದು ಅಪರಾಧ ಅಲ್ಲ. ಹೆದರಿಸಿ ಹಣ ಕಿತ್ತುಕೊಂಡಿದ್ದು ಅಪರಾಧ. 112ಕ್ಕೆ ಫೋನ್ ಮಾಡಿ, ದೂರು ಬರೆದುಕೊಡಿ.

ನಾನು ಲಾಡ್ಜ್ ಮುಟ್ಟಿದಾಗ ರಾತ್ರಿ ಹನ್ನೊಂದರ ಹತ್ತಿರ. ಅಕ್ಕ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊಂಡು ಕೂತಿದ್ದಳು. ಕೌಂಟರ್‌ನಲ್ಲಿದ್ದವನ ಹತ್ತಿರ ಜಗಳ ಮಾಡಲಿಲ್ಲ. ಬಿಲ್ ಕೊಡಿ, ಟೂರಿಸಂ ಇಲಾಖೆಯ ನೋಂದಣಿ ಪತ್ರ ತೋರಿಸಿ ಅಂದೆ, ಅಷ್ಟೇ. ಗೋವಾದಲ್ಲಿ 1982ರ ಕಾಯ್ದೆ ಪ್ರಕಾರ ಹೋಟೆಲ್, ಗೆಸ್ಟ್‌ಹೌಸ್, ಪ್ರವಾಸಿಗರಿಗೆ ರೂಮ್ ಕೊಡುವ ಮನೆ, ಎಲ್ಲವೂ ಇಲಾಖೆಯಲ್ಲಿ ನೋಂದಣಿ ಆಗಿರಲೇಬೇಕು. ಅವನು ಸ್ವಲ್ಪ ಹೊತ್ತು ಗೊಣಗಿ 7,000 ವಾಪಸ್ ಕೊಟ್ಟ. ಅಲ್ಲಿಂದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ಪಣಜಿಗೆ ಬಂದು ಒಂದು ಸಾದಾ ಹೋಟೆಲ್‌ನಲ್ಲಿ ಮಲಗಿದೆವು.

ಈಗ ಮುಖ್ಯ ವಿಷಯ. ಈ ಮೋಸ ನಡೆಯುವುದು ಜನ ಫೋಟೋ ನೋಡಿ ಮನೆ ಆರಿಸುತ್ತಾರೆ ಅನ್ನುವ ಕಾರಣಕ್ಕೆ. ಮೊದಲು ಊರು ಆರಿಸಿ. ಆ ಊರಿನಲ್ಲಿ ಯಾವ ರಸ್ತೆ ಅಂತ ನೋಡಿ. ಆಮೇಲೆ ರೂಮು. ಅಸಗಾಂವ್, ಸಿಯೋಲಿಂ ಕಡೆ ಹಳ್ಳಿಗಳು ತುಂಬಾ ಚೆಂದ. ಆದರೆ ವಿಲ್ಲಾಗಳು ಒಳರಸ್ತೆಯಲ್ಲಿ ಇರುತ್ತವೆ, ಎಷ್ಟೋ ಮನೆಗಳಿಗೆ ಬೋರ್ಡ್ ಕೂಡ ಇರುವುದಿಲ್ಲ, ರಾತ್ರಿ ಒಂದು ಅಂಗಡಿ ಸಿಗುವುದಿಲ್ಲ. ಮನೆ ಇದೆಯೋ ಇಲ್ಲವೋ ದೂರದಿಂದ ತಿಳಿಯುವುದೇ ಕಷ್ಟ. ಮೊದಲ ಸಲ ಬರುವವರಿಗೆ, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ, ಅಲ್ಲಿ ಉಳಿಯಿರಿ ಅಂತ ನಾನು ಹೇಳುವುದಿಲ್ಲ. ಬಾಗಾ ಮತ್ತು ಕಲಂಗೂಟ್ ಬೀಚಿಗೆ ಹಗಲು ಹೋಗಿ ಬನ್ನಿ. ಕುಟುಂಬ ಇಟ್ಟುಕೊಂಡು ರಾತ್ರಿ ಅಲ್ಲಿ ಬೇಡ. ಅಂಜುನಾ, ವಾಗತೋರ್ ಪಾರ್ಟಿ ಮಾಡುವವರ ಜಾಗ. ಉತ್ತರದ ಬೀಚ್‌ಗಳೇ ಬೇಕು ಅಂದರೆ ಅಗ್ವಾದ ಕೋಟೆ ಕಡೆಯ ಕ್ಯಾಂಡೋಲಿಂ ವಾಸಿ.

ನನ್ನನ್ನು ಕೇಳಿದರೆ ಪಣಜಿ. ಮೀರಾಮಾರ್ ಅಥವಾ ಹಳೇ ಪೋರ್ಚುಗೀಸ್ ಮನೆಗಳಿರುವ ಫೊಂಟೈನ್ಹಾಸ್ ಹತ್ತಿರ ಇದ್ದರೆ ಗೋವಾ ಸರ್ಕಾರದ ಕದಂಬ ಬಸ್ ಸ್ಟ್ಯಾಂಡ್ ತುಂಬಾ ದೂರ ಇಲ್ಲ, ಆಸ್ಪತ್ರೆ, ಅಂಗಡಿ, ಊಟ ಎಲ್ಲಾ ಕೈಗೆ ಸಿಗುತ್ತದೆ. ಸಮುದ್ರದ ಪಕ್ಕದಲ್ಲೇ ಇರಬೇಕು ಅಂದರೆ ದಕ್ಷಿಣಕ್ಕೆ ಬನ್ನಿ. ಬೆನೌಲಿಂ, ವಾರ್ಕಾ ಮಡಗಾಂವ್ ಸ್ಟೇಷನ್ನಿಗೆ ಹತ್ತಿರ. ಕಾರವಾರದ ಮೇಲೆ ಬರುವವರಿಗೆ ಗಡಿ ದಾಟಿದ ಕೂಡಲೇ ಕಾಣಕೋಣ ತಾಲೂಕು, ಅಲ್ಲೇ ಪಾಲೋಲೆಂ, ಅಗೊಂದಾ. ಸಂಜೆ ಹೊತ್ತು ಮನೆ ಮುಂದಿನ ಜಗಲಿಯಲ್ಲಿ ಅಜ್ಜ ಅಜ್ಜಿಯರು ಕೂತು ಹರಟೆ ಹೊಡೆಯುವ ಓಣಿಗಳು ಇನ್ನೂ ಇವೆ. ಅಂಥ ಓಣಿಯಲ್ಲಿ ರೂಮ್ ಸಿಕ್ಕರೆ ಬಿಡಬೇಡಿ. ಮಾರನೇ ದಿನ ಅಕ್ಕನವರನ್ನು ಬೆನೌಲಿಂನ ಅಂಥದ್ದೇ ಒಂದು ಮನೆಗೆ ಸೇರಿಸಿದೆ. ಮನೆಯೊಡತಿ ಮೊದಲು ಎಲ್ಲರ ಆಧಾರ್ ಕೇಳಿ ರಿಜಿಸ್ಟರ್‌ನಲ್ಲಿ ಬರೆದುಕೊಂಡರು. ಭಾವನ ಮುಖದಲ್ಲಿ ಆಗ ನೆಮ್ಮದಿ ಕಂಡಿತು.

ವಿಮಾನದಲ್ಲಿ ಬರುವವರು ಒಂದು ನೋಡಿಕೊಳ್ಳಿ. ಗೋವಾಕ್ಕೆ ಎರಡು ವಿಮಾನ ನಿಲ್ದಾಣ. ಹಳೆಯದು ದಾಬೋಲಿಂ, 2023ರ ಜನವರಿಯಿಂದ ಓಡುತ್ತಿರುವುದು ಉತ್ತರದ ತುದಿಯ ಮೋಪಾ. ಮೋಪಾದಲ್ಲಿ ಇಳಿದು ಪಾಲೋಲೆಂನಲ್ಲಿ ರೂಮ್ ಹಿಡಿದರೆ ಸುಮಾರು ನೂರು ಕಿಲೋಮೀಟರ್ ಟ್ಯಾಕ್ಸಿ ಬಾಡಿಗೆ. ಓಲಾ, ಊಬರ್ ಇಲ್ಲಿ ಇಲ್ಲ. ಗೋವಾಮೈಲ್ಸ್ ಆ್ಯಪ್ ಇದೆ, ಪ್ರೀಪೇಯ್ಡ್ ಕೌಂಟರ್ ಇದೆ. ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತೆಗೆದುಕೊಳ್ಳಿ. ಬಿಳಿ ಪ್ಲೇಟಿನದು ಖಾಸಗಿ ಗಾಡಿ, ಬಾಡಿಗೆಗೆ ಕೊಡುವಂತಿಲ್ಲ. ತೆಗೆದುಕೊಳ್ಳುವಾಗ ಗಾಡಿಯ ಸುತ್ತ ವಿಡಿಯೋ ಮಾಡಿಕೊಳ್ಳಿ, ಹಳೇ ಗೀರಿಗೆ ನಿಮ್ಮಿಂದ ದುಡ್ಡು ಕೇಳುವವರಿದ್ದಾರೆ.

ಅಡ್ವಾನ್ಸ್ ಕಳಿಸುವ ಮುಂಚೆ ವಿಡಿಯೋ ಕಾಲ್ ಮಾಡಿಸಿ. ಬರೀ ರೂಮ್ ತೋರಿಸಿದರೆ ಸಾಲದು. ಗೇಟು ದಾಟಿ ರಸ್ತೆಗೆ ಬಂದು ಪಕ್ಕದ ಮನೆ, ಅಂಗಡಿ ತೋರಿಸಲು ಹೇಳಿ. ಮೋಸಗಾರ ಇಲ್ಲೇ ಜಾರಿಕೊಳ್ಳುತ್ತಾನೆ. "ನೆಟ್‌ವರ್ಕ್ ಇಲ್ಲ", "ಕೇರ್‌ಟೇಕರ್ ಊಟಕ್ಕೆ ಹೋಗಿದ್ದಾನೆ" ಅನ್ನುತ್ತಾನೆ. ಫೋಟೋ ಹಾಕಿದರೆ ಅದು ಬೇರೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಅಕ್ಕನಿಗೆ ಕಳಿಸಿದ್ದು ಬೇರೆ ಊರಿನ ಬೇರೆ ವಿಲ್ಲಾದ ಫೋಟೋ ಅಂತ ಹಾಗೇ ಗೊತ್ತಾಯಿತು. ಮ್ಯಾಪ್‌ನಲ್ಲಿ ಹತ್ತಿರದ ಕಿರಾಣಿ ಅಂಗಡಿಯೋ ಹೋಟೆಲೋ ಹುಡುಕಿ, ಅವರಿಗೆ ಫೋನ್ ಮಾಡಿ, ಈ ಹೆಸರಿನ ಮನೆ ಇದೆಯಾ ಅಂತ ಕೇಳಿ. ಇಲ್ಲಿನ ಜನ ಬೇಜಾರಿಲ್ಲದೆ ಹೇಳುತ್ತಾರೆ. ನೋಂದಣಿ ಪತ್ರದ ಫೋಟೋ ಕೇಳಿ. ಸರಿಯಾದ ಮಾಲೀಕರಿಗೆ ಅದನ್ನು ಕಳಿಸಲು ಅರ್ಧ ನಿಮಿಷ ಸಾಕು. ಹಣ ಯಾರ ಹೆಸರಿಗೆ ಹೋಗುತ್ತಿದೆ ಅನ್ನುವುದನ್ನು ಪಿನ್ ಒತ್ತುವ ಮುಂಚೆ ಓದಿ.

ಇದೆಲ್ಲ ತಲೆನೋವು ಬೇಡ ಅನ್ನುವವರಿಗೆ ಗೋವಾ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ರೆಸಿಡೆನ್ಸಿ ಅನ್ನುವ ಹೋಟೆಲ್‌ಗಳಿವೆ. ಪಣಜಿ, ಮೀರಾಮಾರ್, ಮಾಪ್ಸಾ, ಕೋಲ್ವಾದಲ್ಲಿ ಸಿಗುತ್ತವೆ. ಝಗಮಗ ಇರುವುದಿಲ್ಲ, ಆದರೆ ಹೋದಾಗ ಕಟ್ಟಡ ಅಲ್ಲೇ ಇರುತ್ತದೆ. ನಿಗಮದ ಸ್ವಂತ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡಬೇಡಿ. ಸರ್ಕಾರಿ ಮತ್ತು ದೇವಸ್ಥಾನದ ಗೆಸ್ಟ್‌ಹೌಸ್‌ಗಳ ಹೆಸರಿನಲ್ಲೂ ನಕಲಿ ಸೈಟ್‌ಗಳಿವೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ವಿಭಾಗವೇ ಯಾತ್ರಿಕರಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಇಷ್ಟೆಲ್ಲ ಮಾಡಿಯೂ ರಾತ್ರಿ ಹೊತ್ತು ರಸ್ತೆಯಲ್ಲಿ ನಿಲ್ಲುವ ಹಾಗಾದರೆ ಗಾಜು ತಟ್ಟಿದವನ ಹಿಂದೆ ಹೋಗಬೇಡಿ. ಕಾರಿದ್ದರೆ ಪಣಜಿಗೆ ಬನ್ನಿ, ಇಲ್ಲದಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಕೂತು ಅಲ್ಲಿಂದಲೇ ಫೋನ್ ಮಾಡಿ. ಮಕ್ಕಳು, ಹೆಂಗಸರು, ವಯಸ್ಸಾದವರು ಇದ್ದಾರೆ ಅಂತ ಮೊದಲೇ ಹೇಳಿ. ಆ ರಾತ್ರಿ ಠಾಣೆಯಲ್ಲಿದ್ದ ಸಿಬ್ಬಂದಿ ನಮ್ಮ ಜೊತೆ ಚೆನ್ನಾಗಿಯೇ ನಡೆದುಕೊಂಡರು, ದೂರಿನ ಪ್ರತಿಯನ್ನೂ ಕೊಟ್ಟರು. ಆ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ತಡೆಹಿಡಿದ ಹಣ ಬಿಡಿಸಿಕೊಳ್ಳಲು ಆಮೇಲೆ ಅದು ಬೇಕಾಗುತ್ತದೆ.