ಸಪ್ತಾಪುರದ ಸಂಜೆ ತರಗತಿ: ಪಾಠ ಕೇಳಿ, ನೋಟ್ಸ್ ಕೊಳ್ಳಬೇಡಿ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕೇಂದ್ರಗಳಿಗೆ ಬರವಿಲ್ಲ, ಕಾರಣ ಬಿಡಿಸಿ ಹೇಳುವವರಿಗೆ ಬರ. ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ರಾಜ್ಯ ಅರ್ಹತಾ ಪರೀಕ್ಷೆ) ರಾಜ್ಯಶಾಸ್ತ್ರಕ್ಕೆಂದು ನಾನು ಸೇರಿರುವ ಸಂಜೆ ತರಗತಿಯಲ್ಲಿ ಅಮೆರಿಕದ ಸಂವಿಧಾನದ ಭಾಗ ಈಗಷ್ಟೇ ಮುಗಿದಿದೆ. ಕೇಂದ್ರದ ಹೆಸರು ಹೇಳುವುದಿಲ್ಲ, ಬೈಯುವುದೂ ಇದೆ.

ಮಾಸ್ತರರು ಪಾಠ ಆರಂಭಿಸಿದ್ದು ಸಂವಿಧಾನ ರಚಿಸಿದ 1787ರ ಫಿಲಡೆಲ್ಫಿಯಾ ಸಮಾವೇಶದಿಂದಲ್ಲ, ಅದರ ಹಿಂದಿನ ವರ್ಷದ ಮ್ಯಾಸಚೂಸೆಟ್ಸ್ ರೈತರಿಂದ. ಸಾಲ, ತೆರಿಗೆ ಕಟ್ಟಲಾಗದೆ ಹೊಲ ಜಪ್ತಿಯಾಗತೊಡಗಿದಾಗ ಅವರು ನ್ಯಾಯಾಲಯಗಳು ಕಲಾಪ ನಡೆಸದಂತೆ ಅಡ್ಡಗಟ್ಟಿದರು. ಅವರ ಮುಂದಾಳುಗಳಲ್ಲೊಬ್ಬನಾದ ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿ ಬಂದವನು. ದಂಗೆ ಅಡಗಿಸಲು ಒಕ್ಕೂಟದ ಬೊಕ್ಕಸದಲ್ಲಿ ಕಾಸಿರಲಿಲ್ಲ, ಏಕೆಂದರೆ ಸಂವಿಧಾನಕ್ಕೂ ಮುಂಚೆ ಜಾರಿಯಲ್ಲಿದ್ದ 1781ರ ಒಕ್ಕೂಟ ನಿಯಮಾವಳಿ ಅದಕ್ಕೆ ತೆರಿಗೆ ಹಾಕುವ ಅಧಿಕಾರವನ್ನೇ ಕೊಟ್ಟಿರಲಿಲ್ಲ. ಕೊನೆಗೆ ಬಾಸ್ಟನ್ ವರ್ತಕರು ಹಣ ಹಾಕಿ ಪಡೆ ಕಟ್ಟಿಸಿದರು.

"ನರಗುಂದದ ಕಡೆಯವರು ಯಾರಿದ್ದೀರಿ?" ಎಂದು ಕೇಳಿದರು. ನಾನು ಕೈ ಎತ್ತಿದೆ. ಮಲಪ್ರಭಾ ನೀರಾವರಿಯಿಂದ ಹೊಲದ ಬೆಲೆ ಏರಿತೆಂದು ರೈತರ ಮೇಲೆ ಹಾಕಿದ ಬೆಟರ್‌ಮೆಂಟ್ ಲೆವಿ ಎಂಬ ಕರ, 1980ರ ಗೋಲಿಬಾರ್, ಅಜ್ಜನಿಂದ ಕೇಳಿದ್ದನ್ನೆಲ್ಲ ಹೇಳಿದೆ. "ಇಲ್ಲಿ 1983ರಲ್ಲಿ ಸರ್ಕಾರ ಬದಲಾಯಿತು, ಅಲ್ಲಿ ಭಯಬಿದ್ದ ಸಿರಿವಂತರು ಬಲವಾದ ಕೇಂದ್ರ ಕಟ್ಟಲು ಹೊರಟರು" ಎಂದರು ಮಾಸ್ತರರು. ಸಂವಿಧಾನದ ಹಿಂದೆ ಆದರ್ಶದಷ್ಟೇ ಅಂಜಿಕೆಯೂ ಇತ್ತೆಂಬುದು ಬಿ.ಎ.ಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಅಮೆರಿಕದ ಮೇಲ್ಮನೆಯಾದ ಸೆನೆಟ್ಟಿನ ಪಾಠವೂ ಚೆನ್ನಾಗಿತ್ತು. ಹಿರಿಯ ರಾಜ್ಯವಿರಲಿ, ಕಿರಿಯದಿರಲಿ, ತಲಾ ಎರಡೇ ಸ್ಥಾನ. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ ಒಂದು. ಮಹದಾಯಿ ನೆನೆದರೆ ಸೆನೆಟ್ ಲೆಕ್ಕ ನಮ್ಮ ಭಾಗದವರಿಗೆ ರುಚಿಸುವುದು ಕಷ್ಟ! ಅಧಿಕಾರ ವಿಭಜನೆಯನ್ನು ಮಾತ್ರ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಹೆಸರು ಹೇಳಿ ಬೇಗ ದಾಟಿಬಿಟ್ಟರು.

ಇನ್ನು ನೋಟ್ಸ್. ಬೇರೆಯಾಗಿ 350 ರೂಪಾಯಿ ಕೊಟ್ಟು ಕೊಳ್ಳಬೇಕಾದ ಜೆರಾಕ್ಸ್ ಪ್ರತಿ. ಹಕ್ಕುಗಳ ಮಸೂದೆ 1787ರ ಮೂಲ ಪಠ್ಯದಲ್ಲೇ ಇತ್ತೆಂದು ಅದರಲ್ಲಿದೆ. ಆ ಮಸೂದೆಯೆಂದರೆ ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳು, ಅವು ಜಾರಿಗೆ ಬಂದದ್ದು 1791ರಲ್ಲಿ. ಶಾಸನಗಳನ್ನು ಅಸಿಂಧುಗೊಳಿಸುವ ಅಧಿಕಾರವನ್ನು ಸಂವಿಧಾನವೇ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದೆ ಎಂಬ ಸಾಲೂ ಇದೆ. 1803ರ ಮಾರ್ಬರಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅದನ್ನು ಸ್ಥಾಪಿಸಿದ್ದು ಹಾಗಾದರೆ ಎಲ್ಲಿ ಹೋಯಿತು? ನನಗೆ ಸಿಟ್ಟು ತರಿಸಿದ್ದು ಇನ್ನೊಂದು. ಐವರು ಗುಲಾಮರನ್ನು ಮೂವರೆಂದು ಎಣಿಸಿ ಒಡೆಯರ ರಾಜ್ಯಗಳಿಗೆ ಕೆಳಮನೆಯಲ್ಲಿ ಹೆಚ್ಚು ಸ್ಥಾನ ಕೊಟ್ಟದ್ದನ್ನು ಇಲ್ಲಿ "ಜನಸಂಖ್ಯಾ ಸೂತ್ರ" ಎಂದಷ್ಟೇ ಬರೆದು ಮುಗಿಸಿದ್ದಾರೆ. ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸಬಾರದೆಂದು ಸಂವಿಧಾನವೇ ಹೇಳಿದ್ದರ ಸುಳಿವೇ ಇಲ್ಲ. ಕಚೇರಿಯಲ್ಲಿ ಕೇಳಿದರೆ, "ಅದು ಪರೀಕ್ಷೆಗೆ ಬರುವುದಿಲ್ಲ ಬಿಡಿ" ಎಂಬ ಉತ್ತರ.

ಎಂಟಕ್ಕೆ ಮುಗಿಯಬೇಕಾದ ತರಗತಿ ಎಂಟಕ್ಕೆ ಮುಗಿಯುವುದಿಲ್ಲ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದುಹೋಗುವವರು ಬಾಗಿಲ ಪಕ್ಕದ ಬೆಂಚು ಹಿಡಿಯುವುದು ಲೇಸು. ಮುಂದಿನ ಬ್ಯಾಚಿನಿಂದ ನೋಟ್ಸ್ ಕಡ್ಡಾಯ ಮಾಡುವ ಮಾತಿದೆ. ಶುಲ್ಕ ಕಟ್ಟುವ ಮೊದಲು ಅದನ್ನು ಕೇಳಿಕೊಳ್ಳಿ.