ಫೋಮಾಪ್ಯಾನ್ 100: ಹಳೇ ಆಲ್ಬಮ್ಮಿನ ಕಳೆ ಬೇಕೆನ್ನುವವರಿಗೆ

ಕಪ್ಪು-ಬಿಳುಪು ಫಿಲ್ಮ್ ಹಾಕಿದ ಮಾತ್ರಕ್ಕೆ ಅಜ್ಜನ ಕಾಲದ ಫೋಟೋದ ಕಳೆ ಬಂದುಬಿಡುವುದಿಲ್ಲ. ಟಿ-ಮ್ಯಾಕ್ಸ್, ಡೆಲ್ಟಾದಂಥ ಫಿಲ್ಮ್‌ಗಳು ಎಷ್ಟು ನಯವೆಂದರೆ, ಡಿಜಿಟಲ್ ಚಿತ್ರ ಅಂದರೂ ಜನ ನಂಬುತ್ತಾರೆ. ಹಳೇ ಕಳೆಯೇ ಬೇಕಿದ್ದರೆ ನಮ್ಮ ಮೊದಲ ಆಯ್ಕೆ ಫೋಮಾಪ್ಯಾನ್ 100 ಕ್ಲಾಸಿಕ್. ಚೆಕ್ ದೇಶದ ಹ್ರಾಡೆಕ್ ಕ್ರಾಲೋವೆಯಲ್ಲಿ 1921ರಲ್ಲಿ ಶುರುವಾದ ಫೋಮಾ ಕಂಪನಿಯ ಫಿಲ್ಮ್ ಇದು. ಕಣ, ಅಂದರೆ ಚಿತ್ರ ಮೂಡಿಸುವ ಬೆಳ್ಳಿಯ ಸಣ್ಣ ಚುಕ್ಕೆಗಳು, ಹಳೇ ಮಾದರಿಯದು, ಕಣ್ಣಿಗೆ ಕಾಣುತ್ತದೆ. ತೀರಾ ಹೊಳೆಯುವ ಜಾಗದ ಬೆಳಕು ಅಂಚು ದಾಟಿ ತುಸು ಹರಡುತ್ತದೆ. ಬಿಸಿಲು ಬಿದ್ದ ಕಿಟಕಿ, ಉರಿಯುವ ದೀಪ ಇವುಗಳ ಸುತ್ತ ಕಾಣುವ ಆ ಮಬ್ಬು ಹೊಳಪಿಗಾಗಿಯೇ ಇದನ್ನು ಕೊಳ್ಳಬೇಕು.

ಡಬ್ಬಿಯ ಮೇಲೆ ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಂಕಿ) 100 ಎಂದಿದ್ದರೂ ಬೆಳಕು ಅಳೆಯುವ ಮೀಟರನ್ನು 50 ಅಥವಾ 64ಕ್ಕೆ ಇಡಿ. 100ಕ್ಕೇ ತೆಗೆದರೆ, ಅದರಲ್ಲೂ ರೋಡಿನಾಲ್ ಎಂಬ ಡೆವಲಪರ್‌ನಲ್ಲಿ (ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣ) ತೊಳೆದರೆ, ಕಪ್ಪು ಕೂದಲು, ಜಗುಲಿಯ ಮೂಲೆ ಎಲ್ಲ ಬರೀ ಮಸಿಯಾಗುತ್ತವೆ. ಡೆವಲಪ್ ಮಾಡುವ ಹೊತ್ತು ಹೆಚ್ಚಿಸಿದರೂ ಅದು ಸರಿಹೋಗದು. ಬೆಳಕೇ ಬೀಳದ ಕಡೆ ಬೆಳ್ಳಿ ಎಲ್ಲಿಂದ ಬರಬೇಕು? ಐಎಸ್‌ಒ ತಾನೇ ಓದಿಕೊಳ್ಳುವ ಕ್ಯಾಮೆರಾ ಆದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಪ್ಲಸ್ 1ಕ್ಕೆ ತಿರುಗಿಸಿ.

ಇನ್ನು ಫಿಲ್ಟರ್ ವಿಚಾರ. ಹಳೇ ನೋಟ ಎಂದೊಡನೆ ಹಳದಿ ಇಲ್ಲವೇ ಕೆಂಪು ಫಿಲ್ಟರ್ ಹಾಕುವವರೇ ಹೆಚ್ಚು. ಅದು ಪೂರ್ತಿ ಉಲ್ಟಾ. ನೂರಿಪ್ಪತ್ತು ವರ್ಷದ ಹಿಂದಿನ ಸ್ಟುಡಿಯೋ ಪ್ಲೇಟುಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ತಾಗುತ್ತಲೇ ಇರಲಿಲ್ಲ, ನೀಲಿ ಅತಿಯಾಗಿ ತಾಗುತ್ತಿತ್ತು. ಅದಕ್ಕೇ ಆ ಫೋಟೋಗಳಲ್ಲಿ ಆಕಾಶ ಬರೀ ಬಿಳಿ, ತುಟಿ ಮತ್ತು ಕುಂಕುಮ ಕಪ್ಪು, ಮೈಬಣ್ಣ ಇದ್ದದ್ದಕ್ಕಿಂತ ಗಾಢ. ಫೋಮಾಪ್ಯಾನ್ ಕೆಂಪನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್. ಫಿಲ್ಟರ್ ಇಲ್ಲದೆ ತೆಗೆದರೆ ಹಣೆಯ ಕುಂಕುಮ ಮೈಬಣ್ಣದೊಳಗೇ ಮಸುಕಾಗುತ್ತದೆ. ನೀಲಿ 80ಎ ಫಿಲ್ಟರ್ ಹಾಕಿ ನೋಡಿ: ಕುಂಕುಮ ಎದ್ದು ಕೂರುತ್ತದೆ, ಆಕಾಶ ಬೆಳ್ಳಗಾಗುತ್ತದೆ. ಎರಡು ಸ್ಟಾಪ್ ಬೆಳಕು ಹೆಚ್ಚು, ಅಂದರೆ ನಾಲ್ಕು ಪಟ್ಟು ಬೇಕು. ಬಿಸಿಲಿನಲ್ಲಿ 1/60, ಎಫ್/16 ಇದ್ದದ್ದು ಎಫ್/8 ಆಗುತ್ತದೆ. ಮೊಡವೆ, ಕಲೆಗಳೂ ಎದ್ದು ಕಾಣುತ್ತವೆ ಎನ್ನುವುದನ್ನು ಫೋಟೋಕ್ಕೆ ಕೂತವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದರ ದೊಡ್ಡ ಕೊರತೆ ಮಂದ ಬೆಳಕಿನಲ್ಲಿ. ಎಕ್ಸ್‌ಪೋಷರ್ ಉದ್ದವಾದಂತೆ ಫಿಲ್ಮ್ ಬೇಗ ಸೋಲುತ್ತದೆ. ಕಂಪನಿಯ ಲೆಕ್ಕದಂತೆ ಮೀಟರ್ 1 ಸೆಕೆಂಡ್ ಎಂದರೆ 2 ಕೊಡಬೇಕು, 10 ಎಂದರೆ 80. ಗುಡಿಯ ನವರಂಗದ ಕತ್ತಲಲ್ಲಿ ಈ ಲೆಕ್ಕ ಮರೆತರೆ ನೆಗೆಟಿವ್‌ನಲ್ಲಿ ಏನೂ ಇರುವುದಿಲ್ಲ.

ತೊಳೆಯುವುದಕ್ಕೆ ಆರ್09, ಅಂದರೆ 1891ರ ರೋಡಿನಾಲ್ ವಂಶದ ಡೆವಲಪರ್. ಕಣವನ್ನು ಮುಚ್ಚಿಡದೆ ಚುರುಕಾಗಿ ತೋರಿಸುತ್ತದೆ. ಒಂದು 35 ಎಂಎಂ ರೋಲ್‌ಗೆ 300 ಮಿಲಿ ನೀರಿಗೆ 6 ಮಿಲಿ, 20 ಡಿಗ್ರಿಯಲ್ಲಿ 8ರಿಂದ 9 ನಿಮಿಷ. ಮೊದಲ 30 ಸೆಕೆಂಡ್ ಬಿಡದೆ, ಆಮೇಲೆ ನಿಮಿಷಕ್ಕೊಮ್ಮೆ ಟ್ಯಾಂಕನ್ನು ನಿಧಾನ ಬೋರಲು ಮಾಡಿ ಎತ್ತಿ. ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದ ರೋಲ್ ಆದರೆ 7 ನಿಮಿಷಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ಬಿಳಿ ಪಂಚೆಯ ಮಡಿಕೆಗಳೆಲ್ಲ ಕಳೆದುಹೋಗುತ್ತವೆ. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರು 20 ಡಿಗ್ರಿಗೆ ಸಿಗುವುದಿಲ್ಲ. ಐಸನ್ನು ಟ್ಯಾಂಕಿನ ಸುತ್ತಲಿನ ಬಕೆಟ್ಟಿಗೆ ಹಾಕಿ. ಡೆವಲಪರ್ ಒಳಗೆ ಹಾಕಿದರೆ ಅದು ತೆಳುವಾಗುತ್ತದೆ. 24 ಡಿಗ್ರಿಯಾದರೆ ಆರೂಕಾಲು ನಿಮಿಷ ಸಾಕು. ಅದಕ್ಕಿಂತ ತೀರಾ ಬಿಸಿಯಾದರೆ ಹೊತ್ತು 5 ನಿಮಿಷಕ್ಕಿಂತ ಕಡಿಮೆಗೆ ಇಳಿದು ಚಿತ್ರದ ಮೇಲೆ ಪಟ್ಟೆಗಳು ಬೀಳುವ ಸಂಭವವಿದೆ. 120 ರೋಲ್ (ಅಗಲದ ಫಿಲ್ಮ್) ತೊಳೆದಾಗ ನೀರು ಹಸಿರಾಗಿ ಬರುತ್ತದೆ, ಅದು ಬಣ್ಣದ ಲೇಪ ಬಿಡುವುದಷ್ಟೇ, ಗಾಬರಿ ಬೇಡ.

ಡೆವಲಪರ್ ಚೆಲ್ಲಿದ ಮೇಲೆ ಎರಡು ಸಲ ನೀರು ಹಾಕಿ ತೊಳೆದರೆ ಸಾಕು. ಉಳಿದ ಲೇಪ ಕರಗಿಸಿ ಚಿತ್ರವನ್ನು ಗಟ್ಟಿ ಉಳಿಸುವ ಫಿಕ್ಸರ್‌ಗೆ ಒಂದು ಪರೀಕ್ಷೆ ಇದೆ: ಫಿಲ್ಮ್‌ನ ನಾಲಿಗೆಯ (ರೋಲ್‌ನ ಹೊರಚಾಚಿದ ತುದಿ) ತುಂಡನ್ನು ಅದ್ದಿ, ಅದು ತಿಳಿಯಾಗಲು ಹಿಡಿದ ಹೊತ್ತಿನ ಎರಡರಷ್ಟು ಕೊಡಿ. ಹಾಲಿನಂಥ ಮಬ್ಬು ಉಳಿದಿದ್ದರೆ ಫಿಕ್ಸರ್ ಸಾಲಲಿಲ್ಲ ಎಂದರ್ಥ, ಮತ್ತೆ ಹಾಕಬಹುದು. ಒದ್ದೆ ಇರುವಾಗ ಇದರ ಲೇಪ ಬಲು ಮೆತ್ತಗೆ. ಬೆರಳಲ್ಲಿ ನೀರು ಸವರಿ ತೆಗೆದರೆ ಉದ್ದಕ್ಕೂ ಗೀರು ಖಂಡಿತ. ಬೋರ್‌ವೆಲ್ ನೀರಿನ ಸುಣ್ಣವೂ ಬಿಳಿ ಚುಕ್ಕೆಯಾಗಿ ಒಣಗುತ್ತದೆ. ಕೊನೆಯ ಅದ್ದುವಿಕೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಹಾಗೇ ತೂಗುಹಾಕಿ.

ಫಿಲ್ಟರ್ ಗೋಜೇ ಬೇಡವೆನ್ನುವವರಿಗೆ ಇಲ್‌ಫರ್ಡ್ ಆರ್ಥೋ ಪ್ಲಸ್ 80 ಇದೆ. ನಿಜವಾಗಿಯೂ ಕೆಂಪು ಕಾಣದ ಫಿಲ್ಮ್, ಆದರೆ ಬಲ್ಬ್ ಬೆಳಕಿನಲ್ಲಿ ಅದರ ಐಎಸ್‌ಒ 80ರಿಂದ 40ಕ್ಕೆ ಇಳಿಯುತ್ತದೆ, ಕಣವೂ ನಯ. ಮದುವೆಮನೆಯಂಥ ಕಡೆಗೆ ಇವೆರಡೂ ಬೇಡ, ಮಂದ ಬೆಳಕಿಗೂ ಒಗ್ಗುವ ಇಲ್‌ಫರ್ಡ್ ಎಚ್‌ಪಿ5 ಫಿಲ್ಮ್ ಒಯ್ಯಿರಿ. ಯಾವುದನ್ನು ಕೊಂಡರೂ ಮಾಮೂಲಿ ಕಲರ್ ಲ್ಯಾಬಿಗೆ ಮಾತ್ರ ಕೊಡಬೇಡಿ. ಅಲ್ಲಿ ಕಲರ್ ಫಿಲ್ಮ್ ತೊಳೆಯುವ ಸಿ-41 ವಿಧಾನದಲ್ಲಿ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತವೆ. ಈ ಫಿಲ್ಮ್‌ಗಳಲ್ಲಿ ಚಿತ್ರ ಇರುವುದೇ ಬೆಳ್ಳಿಯಲ್ಲಿ, ಹಾಗಾಗಿ ಕೈಗೆ ಬರುವುದು ಖಾಲಿ ಪಟ್ಟಿ. ಕಲರ್ ಲ್ಯಾಬೇ ಗತಿ ಎನ್ನುವ ಊರಿನವರು ಇಲ್‌ಫರ್ಡ್ ಎಕ್ಸ್‌ಪಿ2 ಸೂಪರ್ ಕೊಳ್ಳಬಹುದು. ಅದು ಸಿ-41ಗೆಂದೇ ಮಾಡಿದ ಕಪ್ಪು-ಬಿಳುಪು ಫಿಲ್ಮ್, ಆದರೆ ಫೋಮಾದ ಆ ಮಬ್ಬು ಹೊಳಪು ಅದರಲ್ಲಿ ಸಿಗದು.