ಗುಲಾಬಿಯಂತೆ ಎಲೆ ಜೋಡಿಸುವ ಸಕ್ಯುಲೆಂಟ್: ಯಾವುದನ್ನು ತರೋಣ?

ಬೆಂಗಳೂರಿನ ತಾರಸಿಗೆ ಒಂದು ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ತರಬೇಕು ಅಂತಿದ್ದೀರಾ? ನರ್ಸರಿಯಲ್ಲಿ ಮೊದಲು ಕಣ್ಣು ಸೆಳೆಯುವುದು ಎಚಿವೇರಿಯಾ. ಎಲೆಯ ಮೇಲೆ ವಿಭೂತಿ ಬಳಿದಂಥ ಮೇಣದ ಪುಡಿ. ಸುಮ್ನೆ ಮುಟ್ಟಬೇಡಿ, ಬೆರಳಿನ ಗುರುತು ಹಾಗೇ ಉಳಿಯುತ್ತದೆ. ಇದಕ್ಕೆ ಬಿಸಿಲು ಜಾಸ್ತಿ ಬೇಕು. ಕಡಿಮೆಯಾದರೆ ಕಾಂಡ ಉದ್ದಕ್ಕೆ ಎಳೆದುಕೊಂಡು ಅಂದ ಕೆಡುತ್ತದೆ. ಮಳೆಗಾಲದಲ್ಲಿ ಸೂರಿನಡಿ ಇಡದಿದ್ದರೆ ಬುಡ ಕೊಳೆಯುತ್ತದೆ. ನನ್ನ ಎರಡು ಗಿಡ ಹೋಗಿದ್ದು ಹಾಗೆಯೇ.

ಗ್ರ್ಯಾಪ್ಟೊಪೆಟಲಮ್ ಇದರ ನೆಂಟ, ಆದರೆ ಗಟ್ಟಿ ಜೀವ. ಉದುರಿದ ಎಲೆಯೇ ಬೇರು ಬಿಟ್ಟು ಮರಿಯಾಗುತ್ತದೆ. ನರ್ಸರಿಯಲ್ಲಿ ಸಿಗುವ ಜಾತಿಯ ಪೂರ್ತಿ ಹೆಸರಿನಲ್ಲಿ 'ಪರಾಗ್ವಯೆನ್ಸೆ' (ಪರಾಗ್ವೆ ದೇಶದ್ದು) ಅಂತಿದೆ, ತವರು ಮಾತ್ರ ಮೆಕ್ಸಿಕೊ! ಮೊದಲ ಸಲ ಬೆಳೆಸುವವರಿಗೆ ನಾನು ಹೇಳುವುದು ಇದನ್ನೇ.

ಬಾಲ್ಕನಿಗೆ ನೇರ ಬಿಸಿಲು ಬೀಳಲ್ವಾ? ದಕ್ಷಿಣ ಆಫ್ರಿಕಾದ ಹಾವರ್ತಿಯಾ ತನ್ನಿ. ಬೆಳಕಿದ್ದರೆ ಸಾಕು. ಬೆಳವಣಿಗೆ ನಿಧಾನ, ಅಷ್ಟೇ.

ಸೆಂಪರ್‌ವೈವಮ್ ಫೋಟೋದಲ್ಲಿ ಬಲು ಚೆಂದ. ಯುರೋಪಿನ ಬೆಟ್ಟಗಳ ಗಿಡ, ಹಿಮಕ್ಕೂ ಜಗ್ಗದು. ಹೂ ಬಿಟ್ಟ ಎಲೆಗುಚ್ಛ ಸಾಯುತ್ತದೆ, ಸುತ್ತಲಿನ ಮರಿಗಳು ಮುಂದುವರಿಯುತ್ತವೆ. ಲಂಡನ್ನಿನಲ್ಲಿರುವವರು ಧೈರ್ಯವಾಗಿ ಕೊಳ್ಳಿ. ಮಂಗಳೂರಿನ ಸೆಕೆಯಲ್ಲಿ ಇದಕ್ಕೆ ದುಡ್ಡು ಹಾಕಬೇಡಿ.